ಟ್ಯೂನ್ ಮಾರಬೇಡಿ, ಲಾವಣಿಗೆ ಕೊಡಿ: ಮ್ಯೂಸಿಕ್ ಲೈಸೆನ್ಸಿಂಗ್‌ಗೆ ಇಳಿಯುವವರಿಗೆ ಮಾರ್ಗದರ್ಶಿ

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಲಿಂಗಸೂಗೂರು ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದವರ ಮೊಬೈಲಿನಲ್ಲಿ ಹತ್ತಿ ಬೀಜದ ಜಾಹೀರಾತು ಬಂತು. ಮಾತೆಲ್ಲ ತೆಲುಗು. ಹಿಂದೆ ಬಾರಿಸುತ್ತಿದ್ದ ಹಲಗೆ, ಹಾರ್ಮೋನಿಯಂ ಮಾತ್ರ ನನ್ನವು. ಎರಡು ವರ್ಷದ ಹಿಂದೆ ಒಬ್ಬ ಏಜೆಂಟರಿಗೆ 6,000 ರೂಪಾಯಿಗೆ ಮಾಡಿಕೊಟ್ಟ ಟ್ಯೂನ್ ಅದು. ಕನ್ನಡದಲ್ಲಿ ಒಂದು ಸೀಸನ್ ಓಡಿಸ್ತಾರೆ ಅಂದುಕೊಂಡಿದ್ದೆ. ಫೋನ್ ಹಚ್ಚಿದೆ. "ಸಹಿ ಹಾಕೀರಲ್ರೀ, ತೆಗೆದು ಓದಿ ನೋಡ್ರಿ" ಅಂದರು. ಮನೆಗೆ ಬಂದು ಓದಿದೆ. ಎಲ್ಲಾ ಹಕ್ಕು, ಎಲ್ಲಾ ಭಾಷೆ, ಶಾಶ್ವತವಾಗಿ ಅಂತ ಒಂದೂವರೆ ಸಾಲಿನಲ್ಲಿ ಬರೆದಿತ್ತು.

ನಮ್ಮ ಕೊಪ್ಪಳದ ಕಡೆ ಹೊಲ ಖರೀದಿ ಕೊಡುವುದು ಬೇರೆ, ಲಾವಣಿಗೆ ಕೊಡುವುದು ಬೇರೆ ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಖರೀದಿ ಕೊಟ್ಟರೆ ಹೊಲ ಹೋಯಿತು. ಲಾವಣಿಗೆ ಕೊಟ್ಟರೆ ಇಷ್ಟು ವರ್ಷ, ಇಷ್ಟು ಎಕರೆ, ಇಷ್ಟು ದುಡ್ಡು, ಆಮೇಲೆ ಹೊಲ ವಾಪಸ್. ಲೈಸೆನ್ಸ್ ಅಂದರೆ ಈ ಲಾವಣಿಯೇ. ಅಸೈನ್‌ಮೆಂಟ್ ಅಂದರೆ ಖರೀದಿ. (ಹಾಡಿಗೂ ಹೊಲದ ಗುತ್ತಿಗೆಗೂ ನಮ್ಮಲ್ಲಿ ಲಾವಣಿ ಅಂತ ಒಂದೇ ಮಾತು ಇರುವುದು ನನಗೆ ಬಹಳ ತಡವಾಗಿ ಹೊಳೆಯಿತು.) ಹೊಲದ ವಿಷಯದಲ್ಲಿ ಇಷ್ಟು ಹುಷಾರಿರುವ ನಾವು ಟ್ಯೂನ್ ವಿಷಯದಲ್ಲಿ ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ.

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುವವರು, ಮನೆಯಲ್ಲೇ ಕಂಪ್ಯೂಟರ್ ಇಟ್ಟು ಭಕ್ತಿಗೀತೆಗೆ ಟ್ರ್ಯಾಕ್ ಮಾಡುವವರು, ನಾಟಕಕ್ಕೆ ಸಂಗೀತ ಕೊಡುವವರು ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಜಾಸ್ತಿ ಇದ್ದಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಪಹಣಿ ಯಾರ ಹೆಸರಲ್ಲಿದೆ?

ಒಂದು ಟ್ರ್ಯಾಕಿಗೆ ಎರಡು ಪಹಣಿ. ಒಂದು ಟ್ಯೂನಿನದು, ಅಂದರೆ ನೀವು ಕಟ್ಟಿದ ಸ್ವರದ್ದು. ಇನ್ನೊಂದು ಮಾಸ್ಟರ್‌ನದು, ಅಂದರೆ ರೆಕಾರ್ಡ್ ಆಗಿರುವ ಆ ಫೈಲಿನದು. ಸಾಹಿತ್ಯ ಇದ್ದರೆ ಅದು ಮೂರನೆಯದು, ಬರೆದವರ ಹೆಸರಲ್ಲಿ. ಸಿನಿಮಾ, ಸೀರಿಯಲ್, ಜಾಹೀರಾತು ಮಾಡುವವರು ಚಿತ್ರದ ಜೊತೆ ನಿಮ್ಮ ಸಂಗೀತ ಜೋಡಿಸಬೇಕಾದರೆ ಎಲ್ಲಾ ಪಹಣಿಯವರ ಒಪ್ಪಿಗೆ ಬೇಕು. ಈ ಜೋಡಿಸುವ ಅನುಮತಿಗೆ ಸಿಂಕ್ ಅಂತಾರೆ. ಸಣ್ಣ ಊರಿನ ನಮ್ಮಂಥವರಿಗೆ ಇಲ್ಲೇ ಒಂದು ಅನುಕೂಲ ಇದೆ. ಟ್ಯೂನೂ ನನ್ನದು, ಮಾಸ್ಟರೂ ನನ್ನದು, ಒಂದೇ ಸಹಿಯಲ್ಲಿ ಕೆಲಸ ಮುಗಿಯುತ್ತೆ ಅಂದರೆ ನಾಳೆ ಎಪಿಸೋಡ್ ಕೊಡಬೇಕಾದ ಎಡಿಟರ್‌ಗೆ ಅದಕ್ಕಿಂತ ಇನ್ನೇನು ಬೇಕು?

ಆದರೆ ಮಾಸ್ಟರ್ ನಿಮ್ಮದೇ ಅಂತ ಸುಮ್ನೆ ಅಂದುಕೊಳ್ಳಬೇಡಿ. ರೆಕಾರ್ಡಿಂಗ್ ಮಾಡಿಸುವ ಹೊಣೆ ಹೊತ್ತವರು ಯಾರೋ ಅವರನ್ನೇ ಕಾನೂನು ಅದರ ನಿರ್ಮಾಪಕರು ಅನ್ನುತ್ತದೆ. ನೀವು ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ಸ್ಟುಡಿಯೋದಲ್ಲಿ ಮಾಡಿಸಿದ್ದರೆ ಮಾಸ್ಟರ್ ನಿಮ್ಮದು. ಕ್ಯಾಸೆಟ್ ಕಂಪನಿಯವರು ಖರ್ಚು ಹಾಕಿ ಮಾಡಿಸಿದ್ದರೆ ಅವರದು. ಸಂಬಳಕ್ಕಿದ್ದು ಮಾಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಟ್ಯೂನ್ ಕೂಡ ಮಾಲೀಕರದು. ಹಳೆಯ ಕೆಲಸದ ಪಟ್ಟಿ ಹಿಡಿದು ಕೂತು ಒಂದೊಂದರ ಮುಂದೆಯೂ ಇದನ್ನು ಬರೆಯಿರಿ. ನನ್ನ 70 ಟ್ರ್ಯಾಕಿನಲ್ಲಿ ಪೂರ್ತಿ ನನ್ನವು ಅಂತ ಉಳಿದದ್ದು 19.

ಕಾಪಿರೈಟ್ ಕಾಯ್ದೆ 1957ರದು. ಟ್ಯೂನ್ ಮೇಲಿನ ಹಕ್ಕು ನೀವಿರುವವರೆಗೆ, ಆಮೇಲೆ 60 ವರ್ಷ ನಿಮ್ಮ ಮಕ್ಕಳಿಗೆ. ಮಾಸ್ಟರ್ ಮೇಲಿನದು ಬಿಡುಗಡೆಯಾದ ಮೇಲೆ 60 ವರ್ಷ. ಹಕ್ಕು ಬರೆದುಕೊಟ್ಟ ಕಾಗದದಲ್ಲಿ ಅವಧಿ ಹೇಳಿಲ್ಲದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಊರು, ದೇಶ ಹೇಳಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಳೆಯ ಕಾಗದಗಳನ್ನು ಹುಡುಕಿ ತೆಗೆಯಿರಿ, ಐದು ವರ್ಷ ಕಳೆದು ನಿಮಗೇ ವಾಪಸ್ ಬಂದ ಟ್ಯೂನ್ ಅದರಲ್ಲಿ ಸಿಕ್ಕರೂ ಸಿಗಬಹುದು. 2012ರ ತಿದ್ದುಪಡಿ ಇನ್ನೊಂದು ಕೊಟ್ಟಿದೆ. ಸಿನಿಮಾಕ್ಕೆ ಟ್ಯೂನ್ ಕೊಟ್ಟಿದ್ದರೂ, ಥಿಯೇಟರಿನಲ್ಲಿ ಓಡುವುದನ್ನು ಬಿಟ್ಟು ಬೇರೆ ಕಡೆ ಬಳಕೆಯಾದಾಗ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕು ಸಂಗೀತಗಾರ ಮತ್ತು ಸಾಹಿತಿಗೆ ಉಳಿಯುತ್ತದೆ.

ಹೆಜ್ಜೆ 2: ಕಲಬೆರಕೆ ತೆಗೆಯಿರಿ

ನಮ್ಮ ಭಾಗದಲ್ಲಿ ಎಲ್ಲರೂ ಎಡವುವುದು ದಾಸರ ಪದದಲ್ಲಿ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಎಲ್ಲ ರಾಯಚೂರು ಸೀಮೆಯವರು. ಅವರ ಪದಗಳು ಯಾರ ಸ್ವತ್ತೂ ಅಲ್ಲ, ಎಲ್ಲರವು. ವಚನಗಳೂ ಹಾಗೇ. ಆದರೆ ಆ ಪದವನ್ನು ನೀವು ಕೇಳಿ ಕಲಿತ ಧಾಟಿ? ಅದನ್ನು ನಲವತ್ತು, ಐವತ್ತು ವರ್ಷದ ಹಿಂದೆ ಯಾರೋ ಕೂರಿಸಿ, ರೆಕಾರ್ಡ್ ಮಾಡಿರಬಹುದು. ಪದ ಹಳೆಯದು, ಧಾಟಿ ಹೊಸದು. ಧಾಟಿಗೆ ಮಾಲೀಕರಿದ್ದಾರೆ. ನಾನು ಈಗ ದಾಸರ ಪದ ತೆಗೆದುಕೊಂಡರೆ ಧಾಟಿ ಹೊಸದಾಗಿ ನಾನೇ ಕಟ್ಟುತ್ತೇನೆ, ಮೊದಲು ಹಾಡಿಕೊಂಡ ದಿನದ ಮೊಬೈಲ್ ರೆಕಾರ್ಡಿಂಗನ್ನೂ ಇಟ್ಟುಕೊಳ್ಳುತ್ತೇನೆ.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮೊಬೈಲ್ ಹಿಡಿದು ಕರಡಿ ಮಜಲು ವಾದ್ಯಮೇಳ ರೆಕಾರ್ಡ್ ಮಾಡಿಕೊಂಡು ಬಂದು ಟ್ರ್ಯಾಕಿನ ಕೆಳಗೆ ಹಾಕುವವರನ್ನು ಕಂಡಿದ್ದೇನೆ. ಅದೂ ಆಗದು. ಬಾರಿಸಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಅವರನ್ನು ಮನೆಗೆ ಕರೆಯಿರಿ, ದುಡ್ಡು ಕೊಡಿ, ಬಾರಿಸಿಕೊಳ್ಳಿ. ಧ್ವನಿಯೂ ಚಂದ ಬರುತ್ತದೆ.

ಇಂಟರ್ನೆಟ್ಟಿನಿಂದ ಇಳಿಸಿದ ಲೂಪ್ (ಮತ್ತೆ ಮತ್ತೆ ಓಡಿಸಲು ರೆಡಿ ಇರುವ ಸಂಗೀತದ ತುಣುಕು) ಇದ್ದರೆ ಅದರ ಲೈಸೆನ್ಸ್ ಪ್ರತಿಯನ್ನು ಟ್ರ್ಯಾಕಿನ ಫೋಲ್ಡರ್‌ನಲ್ಲೇ ಇಡಿ. ಪೈರಸಿ ಸಾಫ್ಟ್‌ವೇರ್ ಬಗ್ಗೆ ಉಪದೇಶ ಮಾಡುವಷ್ಟು ದೊಡ್ಡವನು ನಾನಲ್ಲ, ಆದರೆ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಅಗ್ಗಕ್ಕೆ ಸಿಗುತ್ತದೆ, ಸಾಕಾಗುತ್ತದೆ. ಎಐ ಬಳಸಿದ್ದರೆ ಎಷ್ಟು ಬಳಸಿದ್ದೀರಿ ಅಂತ ಈಗ ಬಹಳ ಮ್ಯೂಸಿಕ್ ಲೈಬ್ರರಿಯವರು (ಟ್ರ್ಯಾಕ್‌ಗಳನ್ನು ಕೂಡಿಟ್ಟು ಗಿರಾಕಿಗಳಿಗೆ ಲೈಸೆನ್ಸ್ ಕೊಡುವ ಕಂಪನಿಗಳು) ಕೇಳುತ್ತಾರೆ. ಸುಳ್ಳು ಬರೆಯಬೇಡಿ.

ಹೆಜ್ಜೆ 3: ಚಿತ್ರಕ್ಕೆ ಬೇಕಾದ ಹಾಗೆ ಕಟ್ಟಿ

ಸ್ಟೇಜಿನ ಹಾಡಿಗೂ ಚಿತ್ರದ ಹಿಂದೆ ಬರುವ ಸಂಗೀತಕ್ಕೂ ಬಹಳ ಫರಕು ಇದೆ. ಸ್ಟೇಜಿನಲ್ಲಿ ನಾವೇ ಮುಂದೆ. ಇಲ್ಲಿ ಮುಂದೆ ಇರುವುದು ಮಾತು. ಅದಕ್ಕೇ ಮಾತಿನ ಜಾಗ ಬಿಟ್ಟು ಬಾರಿಸಬೇಕು. ಶಹನಾಯಿ ಇಡೀ ಟ್ರ್ಯಾಕಿನಲ್ಲಿ ಕೂಗುತ್ತಿದ್ದರೆ ಎಡಿಟರ್ ಐದನೇ ಸೆಕೆಂಡಿಗೇ ಮುಂದಿನದಕ್ಕೆ ಹೋಗುತ್ತಾನೆ.

ನಾನು ಹೆಚ್ಚುಕಡಿಮೆ ಎರಡು ನಿಮಿಷದ ಟ್ರ್ಯಾಕ್ ಮಾಡುತ್ತೇನೆ. ಒಂದು ಟ್ರ್ಯಾಕಿಗೆ ಒಂದೇ ಭಾವ. ಉದ್ದ ಆಲಾಪ ಬೇಡ, ಮೊದಲ ಐದಾರು ಸೆಕೆಂಡಿನಲ್ಲೇ ಟ್ರ್ಯಾಕ್ ಎಂಥದ್ದು ಅಂತ ಗೊತ್ತಾಗಬೇಕು. ಅರ್ಧ ನಿಮಿಷಕ್ಕೊಮ್ಮೆ ಏನಾದರೂ ಒಂದು ಬದಲಾಗಲಿ: ತಾಳ ಸೇರಲಿ, ಹಿಂದೆ ಹಿಡಿದ ಶ್ರುತಿ ನಿಲ್ಲಲಿ. ಎಡಿಟರ್ ಕತ್ತರಿ ಹಾಕುವುದು ಅಂಥ ಜಾಗದಲ್ಲೇ. ಕೊನೆಯಲ್ಲಿ ಸದ್ದು ಮೆಲ್ಲಗೆ ಕರಗಿಸಬೇಡಿ. ಒಂದು ಗಟ್ಟಿ ಪೆಟ್ಟು, ಆಮೇಲೆ ಅದರ ಗುಂಯ್‌ಗುಡುವಿಕೆ ಪೂರ್ತಿ ಇಳಿಯುವವರೆಗೆ ಬಿಡಿ.

ನಮ್ಮ ಹತ್ತಿರ ಇರುವ ವಿಶೇಷ ಅಂದರೆ ವಾದ್ಯಗಳು. ಚೌಡಿಕೆ, ಹಲಗೆ, ಏಕತಾರಿ, ಡೊಳ್ಳು. ಗಿಟಾರ್, ಪಿಯಾನೋ ಟ್ರ್ಯಾಕ್ ಪ್ರಪಂಚದ ಎಲ್ಲರ ಹತ್ತಿರವೂ ರಾಶಿ ಬಿದ್ದಿವೆ. ಅದರಲ್ಲಿ ನಮ್ಮದನ್ನು ಯಾಕೆ ಹುಡುಕಿಯಾರು?

ನನ್ನ ರೆಕಾರ್ಡಿಂಗ್ ರೂಮ್ ಅಂದರೆ ಮನೆಯ ಹಿಂದಿನ ಕೋಣೆ. ಗೋಡೆಗೆ ಅವ್ವ ಹೊಲಿದ ನಾಲ್ಕು ಕೌದಿ ಇಳಿಬಿಟ್ಟಿದ್ದೇನೆ. ಅಂಗಡಿಯ ಫೋಮ್ ಶೀಟಿಗಿಂತ ಅವು ಚೆನ್ನಾಗಿ ಪ್ರತಿಧ್ವನಿ ನುಂಗುತ್ತವೆ, ಯಾಕೆಂದರೆ ದಪ್ಪ ಇವೆ. ಏಪ್ರಿಲ್, ಮೇನಲ್ಲಿ ಫ್ಯಾನ್ ಇಲ್ಲದೆ ಅರ್ಧ ಗಂಟೆ ಕೂರಲು ಆಗುವುದಿಲ್ಲ, ಫ್ಯಾನ್ ಹಾಕಿದರೆ ಮೈಕಿನಲ್ಲಿ ಗರಗರ. ಹಾಗಾಗಿ ಬೇಸಿಗೆಯಲ್ಲಿ ನಸುಕಿನ ನಾಲ್ಕಕ್ಕೆ ಶುರು ಮಾಡಿ, ಟ್ರ್ಯಾಕ್ಟರ್‌ಗಳು ಎದ್ದೇಳುವ ಮುಂಚೆ ಮುಗಿಸುತ್ತೇನೆ. ಚೌಡಿಕೆ ಬಿಸಿಲಿಗೆ ಬಿಗಿಯಾಗಿ ಶ್ರುತಿ ಏರುತ್ತದೆ, ಪ್ರತಿ ಟೇಕಿಗೂ ನೋಡಿ. ಹಾರ್ಮೋನಿಯಂ ಇನ್ನೊಂದು ಕಥೆ. ಹಳೆಯ ಪೆಟ್ಟಿಗೆಗಳ ಶ್ರುತಿ ಕೀಬೋರ್ಡಿನ 440 ಹರ್ಟ್ಸ್ ಶ್ರುತಿಗೆ ಸರಿಯಾಗಿ ಕೂರುವುದಿಲ್ಲ. ಪೆಟ್ಟಿಗೆಯನ್ನು ಬಗ್ಗಿಸಲು ಆಗದು. ಟ್ಯೂನರ್‌ನಲ್ಲಿ ಅಳೆದು ಕೀಬೋರ್ಡನ್ನೇ ಅದಕ್ಕೆ ಹೊಂದಿಸಿ.

ಫೈಲ್ ಕೊಡುವುದು 48 ಕಿಲೋಹರ್ಟ್ಸ್, 24 ಬಿಟ್ ವೇವ್ (WAV) ಫೈಲ್. ಪೂರ್ತಿ ಟ್ರ್ಯಾಕ್ ಜೊತೆಗೆ ಹಾಡಿಲ್ಲದ್ದು, ತಾಳ ಇಲ್ಲದ್ದು, 60, 30, 15 ಸೆಕೆಂಡಿನವು. ಸ್ಟೆಮ್‌ಗಳನ್ನೂ ತೆಗೆದಿಡಿ, ಅಂದರೆ ತಾಳ ಬೇರೆ, ತಂತಿ ಬೇರೆ, ಧ್ವನಿ ಬೇರೆ, ಎಲ್ಲವೂ ಸೊನ್ನೆಯಿಂದ ಶುರುವಾಗಬೇಕು. ಮಿಕ್ಸ್ ಮುಗಿದ ದಿನವೇ ಇದನ್ನೆಲ್ಲ ತೆಗೆಯಿರಿ. ಆರು ತಿಂಗಳಾದ ಮೇಲೆ ಕೇಳಿದರೆ ಆ ಪ್ರಾಜೆಕ್ಟ್ ತೆರೆಯುವುದೇ ಇಲ್ಲ, ಸಾಫ್ಟ್‌ವೇರಿಗೆ ಜೋಡಿಸಿದ ಯಾವುದೋ ಪ್ಲಗಿನ್ ಸತ್ತಿರುತ್ತದೆ.

ಇನ್ನು ಹೆಸರು ಮತ್ತು ಹುಡುಕುಪದ. ಬೇಸರದ ಕೆಲಸ, ಆದರೆ ಟ್ರ್ಯಾಕ್ ಸಿಗುವುದೇ ಇದರಿಂದ. ಹೊರಗಿನವರು ಚೌಡಿಕೆ ಅಂತ ಟೈಪ್ ಮಾಡುವುದಿಲ್ಲ. ಇಂಡಿಯನ್ ಫೋಕ್, ಒಂಟಿ ತಂತಿ, ಹಳ್ಳಿ, ಧೂಳು, ಬಿಸಿಲು, ನಡಿಗೆ ಅಂತ ಹುಡುಕುತ್ತಾರೆ. ಎರಡನ್ನೂ ಬರೆಯಿರಿ, ಇಂಗ್ಲಿಷಿನಲ್ಲಿ. ವೇಗ, ಶ್ರುತಿ, ನಿಮ್ಮ ಹೆಸರು, ಫೋನ್, ಇಮೇಲ್ ಫೈಲಿನ ಒಳಗೇ ಇರಲಿ.

ಹೆಜ್ಜೆ 4: ಚಹಾ ಕುಡಿಯುವಾಗಲೇ ಸಹಿ

ನಮ್ಮ ಓಣಿಯ ಶಹನಾಯಿ ಕಾಕಾ ಒಂದು ಟ್ರ್ಯಾಕಿಗೆ ಬಾರಿಸಿದ್ದರು. ಹೊರಗಿನ ಒಂದು ಲೈಬ್ರರಿಗೆ ಅದು ಇಷ್ಟವಾಯಿತು. ಬಾರಿಸಿದವರ ಒಪ್ಪಿಗೆ ಪತ್ರ ಕಳಿಸಿ ಅಂದರು. ನನ್ನ ಹತ್ತಿರ ಪತ್ರ ಇಲ್ಲ. ಕಾಕಾ ಮದುವೆ ಸೀಸನ್ ಅಂತ ಸೋಲಾಪುರದ ಕಡೆ ಹೋಗಿದ್ದಾರೆ, ಫೋನ್ ಹತ್ತುತ್ತಿಲ್ಲ. ಅವರು ವಾಪಸ್ ಬಂದದ್ದು ಹನ್ನೆರಡು ದಿನಕ್ಕೆ. ಅಷ್ಟರಲ್ಲಿ ಅಲ್ಲಿ ಬೇರೆಯವರ ಟ್ರ್ಯಾಕ್ ಹೋಗಿತ್ತು. "ಮೊದಲ ಹೇಳಬಾರದೇನೋ ತಮ್ಮಾ, ಅವತ್ತೇ ಹೆಬ್ಬೆಟ್ಟು ಒತ್ತಿ ಕೊಡ್ತಿದ್ದೆ" ಅಂದರು ಕಾಕಾ.

ಈಗ ವಾದ್ಯ ಚೀಲಕ್ಕೆ ಹೋಗುವ ಮುಂಚೆ, ಚಹಾ ಕುಡಿಯುವಾಗ, ಪತ್ರ ಓದಿ ಹೇಳಿ ಸಹಿ ತೆಗೆದುಕೊಳ್ಳುತ್ತೇನೆ. ನಾನು ಬಳಸುವ ಪತ್ರ ಇಷ್ಟೇ:

"ದಿನಾಂಕ ___ ರಂದು ___ ಎಂಬ ಟ್ರ್ಯಾಕಿಗೆ ನಾನು ___ (ವಾದ್ಯ) ಬಾರಿಸಿದ್ದೇನೆ. ಇದಕ್ಕೆ ___ ರೂಪಾಯಿ ಪಡೆದಿದ್ದೇನೆ. ಈ ರೆಕಾರ್ಡಿಂಗನ್ನು ಸಿನಿಮಾ, ಟಿವಿ, ಜಾಹೀರಾತು, ಇಂಟರ್ನೆಟ್ ಮತ್ತು ಬೇರೆ ಕಡೆ ಬಳಸಲು, ಬೇರೆಯವರಿಗೆ ಲೈಸೆನ್ಸ್ ಕೊಡಲು, ಎಲ್ಲಾ ದೇಶಗಳಲ್ಲಿ, ಹಕ್ಕಿನ ಪೂರ್ತಿ ಅವಧಿಗೆ ನನ್ನ ಒಪ್ಪಿಗೆ ಇದೆ. ನನ್ನ ಹೆಸರು ಹಾಕಲು ಸಾಧ್ಯವಿರುವ ಕಡೆ ಹಾಕಬೇಕು. ಸಿಂಕ್ ಶುಲ್ಕದಲ್ಲಿ ನನಗೆ ನೂರಕ್ಕೆ ___ ಕೊಡಬೇಕು. ಕಾನೂನಿನಂತೆ ನನಗೆ ಬರಬೇಕಾದ ರಾಯಲ್ಟಿಗೆ ಇದರಿಂದ ಧಕ್ಕೆ ಇಲ್ಲ."

ಕೊನೆಯ ಮೂರು ಸಾಲು ಬಹಳ ಜನ ಬರೆಯುವುದಿಲ್ಲ. ನಾನು ಬರೆಯುತ್ತೇನೆ. ಏಜೆಂಟ್ ನನಗೆ ಮಾಡಿದ್ದನ್ನೇ ನಾನು ಕಾಕಾಗೆ ಮಾಡಿದರೆ ಹೇಗೆ? ದೊಡ್ಡ ಮೊತ್ತದ ಕೆಲಸ ಬಂದಾಗ ಇದನ್ನು ವಕೀಲರಿಗೆ ತೋರಿಸಿ.

ಟ್ಯೂನನ್ನು ಇಬ್ಬರು, ಮೂವರು ಸೇರಿ ಕಟ್ಟಿದ್ದರೆ ಯಾರಿಗೆ ನೂರಕ್ಕೆ ಎಷ್ಟು ಅಂತ ಅದೇ ದಿನ ಬರೆದು ಎಲ್ಲರೂ ಸಹಿ ಹಾಕಿ. ಅಣ್ಣತಮ್ಮಂದಿರ ಜಂಟಿ ಹೊಲ ಮಾರುವಾಗ ಒಬ್ಬ ಬರದಿದ್ದರೂ ಕೆಲಸ ನಿಲ್ಲುತ್ತೆ, ಅಲ್ವಾ? ಇದೂ ಹಾಗೇ.

ಹೆಜ್ಜೆ 5: ರಿಜಿಸ್ಟ್ರೇಶನ್

ಕಾಪಿರೈಟ್ ಟ್ಯೂನ್ ಹುಟ್ಟಿದಾಗಲೇ ಹುಟ್ಟುತ್ತದೆ, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ಮಾಡಿಸಿದರೆ ಜಗಳದಲ್ಲಿ ಸಾಕ್ಷಿ. ಕಾಪಿರೈಟ್ ಆಫೀಸಿನಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ಟ್ಯೂನಿಗೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000. ನಾನು ಎಲ್ಲವನ್ನೂ ಮಾಡಿಸುವುದಿಲ್ಲ, ಓಡುವ ಕುದುರೆಗೆ ಮಾತ್ರ.

ಅದಕ್ಕಿಂತ ಮುಖ್ಯ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸದಸ್ಯತ್ವ. 1969ರಲ್ಲಿ ಶುರುವಾದ ಸಂಘ. ಟ್ಯೂನ್ ಕಟ್ಟಿದವರು, ಸಾಹಿತ್ಯ ಬರೆದವರ ಪರವಾಗಿ ಟಿವಿ, ರೇಡಿಯೋ, ಹೋಟೆಲ್, ಆನ್‌ಲೈನ್ ಕಡೆಯಿಂದ ರಾಯಲ್ಟಿ ಸಂಗ್ರಹಿಸುತ್ತದೆ. ಬೀಜದ ಜಾಹೀರಾತು ಓಡಿದ ಕಾಲದಲ್ಲಿ ನಾನು ಅಲ್ಲಿ ಇರಲೇ ಇಲ್ಲ, ಟ್ಯೂನೂ ದಾಖಲಾಗಿರಲಿಲ್ಲ. ಮತ್ತೆ ಯಾರು ಯಾರಿಗೆ ಕೊಡಬೇಕು? ಸೇರಿದ ಮೇಲೆ ಪ್ರತಿ ಟ್ಯೂನನ್ನೂ ಅಲ್ಲಿ ದಾಖಲಿಸಬೇಕು. ಸೇರಿ ಸುಮ್ಮನೆ ಕೂತರೆ ಏನೂ ಬರುವುದಿಲ್ಲ. ಒಂದು ಎಚ್ಚರಿಕೆ: ಕೆಲವು ರಾಯಲ್ಟಿ-ಫ್ರೀ ಕಂಪನಿಗಳು (ಗಿರಾಕಿ ಒಮ್ಮೆ ದುಡ್ಡು ಕೊಟ್ಟರೆ ಮತ್ತೆ ರಾಯಲ್ಟಿ ಕೊಡಬೇಕಿಲ್ಲ ಅನ್ನುವವರು) ಇಂಥ ಸಂಘದ ಸದಸ್ಯರ ಟ್ರ್ಯಾಕ್ ತೆಗೆದುಕೊಳ್ಳುವುದಿಲ್ಲ. ಅಂಥ ಕಡೆ ಹೋಗುವ ಯೋಚನೆ ಇದ್ದರೆ ಮೊದಲೇ ಓದಿಕೊಳ್ಳಿ.

ಮಾಸ್ಟರ್‌ಗೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಯ ಗುರುತು ಬೇಕು. ಡಿಸ್ಟ್ರಿಬ್ಯೂಟರ್ (ನಿಮ್ಮ ಟ್ರ್ಯಾಕನ್ನು ಆನ್‌ಲೈನ್ ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಮೂಲಕ ಬಿಡುಗಡೆ ಮಾಡಿದರೆ ಅವರೇ ಕೊಡುತ್ತಾರೆ.

ಹೆಜ್ಜೆ 6: ಯಾರಿಗೆ ಕೊಡುವುದು?

ಮೊದಲು ಊರಲ್ಲೇ. ಗಂಗಾವತಿಯ ಅಕ್ಕಿ ಗಿರಣಿಯವರು, ಬಳ್ಳಾರಿಯ ಜೀನ್ಸ್ ತಯಾರಕರು, ಕಾಲೇಜುಗಳು, ಮಠಗಳು ಈಗ ವಿಡಿಯೋ ಮಾಡಿಸುತ್ತಾರೆ. ಬಹಳಷ್ಟಕ್ಕೆ ಯಾವುದೋ ಸಿನಿಮಾದ ಹಾಡು ಎತ್ತಿ ಹಾಕಿರುತ್ತಾರೆ, ಆಮೇಲೆ ಯೂಟ್ಯೂಬ್ ಮ್ಯೂಟ್ ಮಾಡುತ್ತದೆ. ಅವರ ಹತ್ತಿರ ನೇರ ಹೋಗುವುದಕ್ಕಿಂತ ವಿಡಿಯೋ ಮಾಡಿಕೊಡುವ ಹುಡುಗರನ್ನು ಹಿಡಿಯಿರಿ. ಒಬ್ಬ ಎಡಿಟರ್ ಸ್ನೇಹ ಆದರೆ ಹತ್ತು ಗಿರಾಕಿ.

ಎರಡನೆಯದು ಬೆಂಗಳೂರು: ಸಾಕ್ಷ್ಯಚಿತ್ರ, ಶಾರ್ಟ್ ಫಿಲ್ಮ್, ಸೀರಿಯಲ್, ಜಾಹೀರಾತು ಕಂಪನಿಗಳು. ಮೂರನೆಯದು ಪಾಂಡ್5ನಂಥ ಆನ್‌ಲೈನ್ ಮಾರುಕಟ್ಟೆ ಮತ್ತು ಲೈಬ್ರರಿಗಳು. ಲೈಬ್ರರಿಯಲ್ಲಿ ಎರಡು ಜಾತಿ. ಎಕ್ಸ್‌ಕ್ಲೂಸಿವ್ ಅಂದರೆ ಆ ಟ್ರ್ಯಾಕ್ ಅವರಿಗೆ ಮಾತ್ರ. ನಾನ್-ಎಕ್ಸ್‌ಕ್ಲೂಸಿವ್ ಅಂದರೆ ಬೇರೆ ಕಡೆಯೂ ಇಡಬಹುದು. ಹೊಸಬರು ಎರಡನೆಯದರಿಂದ ಶುರು ಮಾಡಿ ಅನ್ನುವುದು ನನ್ನ ಮಾತು. ಎಕ್ಸ್‌ಕ್ಲೂಸಿವ್ ಕೊಡುವುದಾದರೆ ಎಷ್ಟು ವರ್ಷಕ್ಕೆ, ಮಾರಾಟವಾಗದಿದ್ದರೆ ವಾಪಸ್ ಹೇಗೆ ಅಂತ ಕೇಳಿ. ಟ್ರ್ಯಾಕ್ ಸೇರಿಸಿಕೊಳ್ಳಲು ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪತ್ರ ಚಿಕ್ಕದಿರಲಿ. "ನಮಸ್ಕಾರ ಮೇಡಂ, ನಾನು ಕೊಪ್ಪಳದ ಸಂಗೀತಗಾರ. ನಿಮ್ಮ ಸಾಕ್ಷ್ಯಚಿತ್ರ ನೋಡಿದೆ. ಹಲಗೆ, ಚೌಡಿಕೆ ಬಳಸಿ ಮಾಡಿದ ಮೂರು ಟ್ರ್ಯಾಕಿನ ಲಿಂಕ್ ಕೆಳಗಿದೆ. ಟ್ಯೂನ್, ಮಾಸ್ಟರ್ ಎರಡೂ ನನ್ನವು, ಸ್ಟೆಮ್ ಸಿದ್ಧ ಇವೆ." ಇಷ್ಟು ಸಾಕು. ಫೈಲ್ ಅಂಟಿಸಬೇಡಿ, ಲಿಂಕ್ ಕೊಡಿ. ಮೂರೇ ಟ್ರ್ಯಾಕ್. ಉತ್ತರ ಬರದಿದ್ದರೆ ಮೂರು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ನನಗೆ ಮೊದಲ 30 ಮೇಲ್‌ಗೆ ಬಂದ ಉತ್ತರ ಎರಡು, ಅದರಲ್ಲಿ ಒಂದು "ಸದ್ಯಕ್ಕೆ ಬೇಡ".

ಹೆಜ್ಜೆ 7: ರೇಟು

"ಎಷ್ಟಾಗುತ್ತೆ?" ಅಂತ ಕೇಳಿದ ಕೂಡಲೇ ಸಂಖ್ಯೆ ಹೇಳಬೇಡಿ. ಎಲ್ಲಿ ಹಾಕುತ್ತೀರಿ, ಎಷ್ಟು ದಿನ, ಯಾವ ಊರು ಅಥವಾ ದೇಶ, ಬೇರೆಯವರಿಗೆ ಕೊಡಬಾರದಾ, ದುಡ್ಡು ಹಾಕಿ ಪ್ರಚಾರ ಮಾಡುತ್ತೀರಾ ಅಂತ ಕೇಳಿ. ಹೊಲ ಎಷ್ಟು ಎಕರೆ, ನೀರಾವರಿಯೋ ಒಣಬೇಸಾಯವೋ ಅಂತ ನೋಡದೆ ಲಾವಣಿ ಯಾರು ಹೇಳುತ್ತಾರೆ? ಯೂಟ್ಯೂಬ್ ಮಾತ್ರ, ಒಂದು ವರ್ಷ, ಕರ್ನಾಟಕ ಅಂದರೆ ಕಡಿಮೆ. ಟಿವಿ ಸೇರಿದರೆ ಅದರ ಎರಡು ಮೂರು ಪಟ್ಟು ಕೇಳುತ್ತೇನೆ. ಅವರ ಬಜೆಟ್ ನಿಜವಾಗಿ ಕಮ್ಮಿ ಇದ್ದರೆ ನಾನು ರೇಟು ಇಳಿಸುವುದಿಲ್ಲ, ಅವಧಿ ಇಳಿಸುತ್ತೇನೆ. ಒಪ್ಪಂದದಲ್ಲಿ ಒಂದು ಸಾಲು ತಪ್ಪದೆ ಇರಲಿ: ಇಲ್ಲಿ ಬರೆಯದ ಎಲ್ಲಾ ಹಕ್ಕು ಸಂಗೀತಗಾರನ ಹತ್ತಿರವೇ ಉಳಿಯುತ್ತದೆ.

ಟಿವಿಗೆ ಹೋದರೆ ಕ್ಯೂ ಶೀಟ್ ಕೇಳಿ. ಯಾವ ಎಪಿಸೋಡಿನಲ್ಲಿ ಯಾರ ಸಂಗೀತ ಎಷ್ಟು ಸೆಕೆಂಡ್ ಅಂತ ಬರೆಯುವ ಪಟ್ಟಿ ಅದು. ಅದರಲ್ಲಿ ನಿಮ್ಮ ಹೆಸರು ಸರಿಯಾಗಿದ್ದರೆ ಮಾತ್ರ ರಾಯಲ್ಟಿ ನಿಮ್ಮ ಕಡೆ ತಿರುಗುತ್ತದೆ.

ಹೆಜ್ಜೆ 8: ಕಂಟೆಂಟ್ ಐಡಿ ಅನ್ನುವ ತಲೆನೋವು

ಕಂಟೆಂಟ್ ಐಡಿ ಅಂದರೆ ಯಾವ ವಿಡಿಯೋದಲ್ಲಿ ಯಾರ ಟ್ರ್ಯಾಕ್ ಇದೆ ಅಂತ ಯೂಟ್ಯೂಬ್ ತಾನೇ ಪತ್ತೆ ಹಚ್ಚಿ, ಮಾಲೀಕರ ಪರವಾಗಿ ಕ್ಲೇಮ್ ಹಾಕುವ ವ್ಯವಸ್ಥೆ. ಬಳ್ಳಾರಿಯ ಒಬ್ಬ ಹುಡುಗ ಸಂಡೂರು ಬೆಟ್ಟದ ಬಗ್ಗೆ ಕಿರುಚಿತ್ರ ಮಾಡಿ ನನ್ನ ಟ್ರ್ಯಾಕಿಗೆ ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಂಡ. ಅಪ್‌ಲೋಡ್ ಮಾಡಿದ ರಾತ್ರಿಯೇ ಕಾಪಿರೈಟ್ ಕ್ಲೇಮ್ ಬಂತು. ಕ್ಲೇಮ್ ಮಾಡಿದ್ದು ಯಾರು? ನನ್ನದೇ ಡಿಸ್ಟ್ರಿಬ್ಯೂಟರ್! ಬಿಡುಗಡೆ ಮಾಡುವಾಗ ಕಂಟೆಂಟ್ ಐಡಿ ಅನ್ನುವ ಡಬ್ಬಿಗೆ ನಾನೇ ಟಿಕ್ ಹಾಕಿದ್ದೆ. ದುಡ್ಡು ಕೊಟ್ಟವನ ಮೇಲೇ ಪೊಲೀಸ್ ಕಳಿಸಿದ ಹಾಗಾಯಿತು. ಕ್ಲೇಮ್ ಬಿಡಿಸಲು ನಾಲ್ಕು ದಿನ ಹೋಯಿತು, ಹುಡುಗನ ಮುಂದೆ ಮಾನವೂ ಹೋಯಿತು.

ಲೈಸೆನ್ಸಿಗೆ ಇಟ್ಟ ಟ್ರ್ಯಾಕಿಗೆ ಆ ಟಿಕ್ ಹಾಕಬೇಡಿ. ಹಾಕಲೇಬೇಕಾದರೆ ಗಿರಾಕಿಯ ಚಾನೆಲ್ ಲಿಂಕ್ ಮೊದಲೇ ತೆಗೆದುಕೊಂಡು ವಿನಾಯಿತಿ ಪಟ್ಟಿಗೆ ಸೇರಿಸಿ. ಎಲ್ಲರಿಗೂ ಸಿಗುವ ಲೂಪ್ ಬಳಸಿದ ಟ್ರ್ಯಾಕನ್ನಂತೂ ಅಲ್ಲಿಗೆ ಒಯ್ಯಲೇಬಾರದು.

ಹೆಜ್ಜೆ 9: ದುಡ್ಡು ಮತ್ತು ತಾರೀಖು

ಪ್ಯಾನ್ ಕಾರ್ಡ್ ಕೊಡಿ. ರಾಯಲ್ಟಿ ಕೊಡುವ ಕಂಪನಿಗಳು ಸಾಮಾನ್ಯವಾಗಿ ನೂರಕ್ಕೆ 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತವೆ. ರಿಟರ್ನ್ ಹಾಕಿದರೆ, ನಿಮ್ಮ ತೆರಿಗೆ ಅಷ್ಟಿಲ್ಲದಿದ್ದರೆ, ವಾಪಸ್ ಬರುತ್ತದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ. ನಮ್ಮಲ್ಲಿ ಅಷ್ಟು ದಾಟಿದವರು ಸಿಕ್ಕರೆ ಹೇಳಿ, ಶಿಷ್ಯನಾಗುತ್ತೇನೆ. ಅಮೆರಿಕದ ಕಂಪನಿಯವರು ಡಬ್ಲ್ಯೂ-8ಬೆನ್ (W-8BEN) ಅನ್ನುವ ತೆರಿಗೆ ಫಾರ್ಮ್ ಕೇಳುತ್ತಾರೆ. ಹೆದರಬೇಡಿ. ಪ್ಯಾನ್ ನಂಬರ್ ಹಾಕಿ ತುಂಬಿದರೆ ಅಲ್ಲಿನ ರಾಯಲ್ಟಿ ಮೇಲೆ ಎರಡು ದೇಶದ ಒಪ್ಪಂದದಂತೆ ನೂರಕ್ಕೆ 15 ಹಿಡಿಯುತ್ತಾರೆ. ತುಂಬದಿದ್ದರೆ 30.

ಒಂದು ಶೀಟ್ ಮಾಡಿ: ಟ್ರ್ಯಾಕ್, ಯಾರಿಗೆ, ಎಲ್ಲಿ, ಯಾವತ್ತಿಂದ ಯಾವತ್ತಿಗೆ, ದುಡ್ಡು ಬಂತಾ, ಬಾರಿಸಿದವರ ಪಾಲು ಕೊಟ್ಟೆನಾ. ಅವಧಿ ಮುಗಿಯುವ ತಾರೀಖಿಗೆ ಹದಿನೈದು ದಿನ ಮುಂಚೆ ಮೊಬೈಲಿನಲ್ಲಿ ಅಲಾರಂ ಇಡಿ.

ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಒಂದು ವರ್ಷಕ್ಕೆ ಅಂತ ಟ್ರ್ಯಾಕ್ ಕೊಟ್ಟಿದ್ದೆ, ಶಹನಾಯಿ ಕಾಕಾ ಬಾರಿಸಿದ್ದೇ ಅದರಲ್ಲಿ ಮುಖ್ಯ. ಹೋದ ವರ್ಷ ಅಲಾರಂ ಹೊಡೆಯಿತು. ಸಾಹುಕಾರರಿಗೆ ಫೋನ್ ಮಾಡಿದೆ. "ಹೋದ ವರ್ಷನೇ ಕೊಟ್ಟೀವಲ್ರೀ?" ಅಂದರು. "ಅದು ಹೋದ ವರ್ಷದ ಲಾವಣಿರೀ" ಅಂದೆ. ಒಂದು ಕ್ಷಣ ಸುಮ್ಮನಿದ್ದು ನಕ್ಕರು. ಸಂಜೆಗೆ ದುಡ್ಡು ಹಾಕಿದರು. ಕಾಕಾನ ಪಾಲು ಅದೇ ರಾತ್ರಿ ಫೋನ್‌ಪೇ ಮಾಡಿದೆ. "ಯಾವ ಮದುವೀದೋ ಇದು?" ಅಂತ ಅವರ ಫೋನ್ ಬಂತು.